ಎಡಗಣ್ಣಿನ ಸಾಕ್ಷಿ

ಮಾರ್ಚ್ 3, ಸೋಮವಾರ

ಬಲಗಣ್ಣಿನ ಪಟ್ಟಿ ಇವತ್ತು ಬಿಚ್ಚಿದರು. ಹೇಗೆ ಕಾಣುತ್ತಿದೆ ಎಂದು ಕಣ್ಣಿನ ಡಾಕ್ಟರಮ್ಮ ನಗುತ್ತ ಕೇಳಿದರು. ಆಸ್ಪತ್ರೆಯ ಗೋಡೆಗೆ ನೀಲಿ ಬಳಿದ ಪುಣ್ಯಾತ್ಮ ಯಾರು ಎಂದು ಕೇಳಿದೆ. ಅದು ಬಿಳಿ ಎಂದರು. ಐವತ್ತು ವರ್ಷಕ್ಕೂ ಮಿಕ್ಕಿ ಬಣ್ಣ ಕಲಸಿದವನಿಗೆ ಬಿಳಿ ಯಾವುದು, ನೀಲಿ ಯಾವುದು ಎಂದು ಇನ್ನೊಬ್ಬರು ಹೇಳಿಕೊಡುವ ಕಾಲ ಬಂತು.

ನನ್ನ ಕಣ್ಣಿನ ಪೊರೆ ಹಳಸಿದ ಚಹಾದ ಬಣ್ಣಕ್ಕೆ ತಿರುಗಿತ್ತಂತೆ. ಎಷ್ಟೋ ವರ್ಷಗಳಿಂದ ನಾನು ಲೋಕವನ್ನು ಆ ಚಹಾದೊಳಗಿಂದ ನೋಡುತ್ತಿದ್ದೆನಂತೆ. ನಿಧಾನವಾಗಿ ಬಂದದ್ದರಿಂದ ಗೊತ್ತಾಗಲಿಲ್ಲವಂತೆ. ಎಲ್ಲ ಅಂತೆ ಕಂತೆ. ಎಡಗಣ್ಣಿನಲ್ಲಿ ಅದು ಇನ್ನೂ ಹಾಗೆಯೇ ಇದೆ, ತಿಂಗಳ ಕೊನೆಗೆ ಅದನ್ನೂ ತೆಗೆಯುತ್ತೇವೆ ಎಂದರು. ಅಲ್ಲಿಯವರೆಗೆ ಬಗ್ಗಬಾರದು, ಭಾರ ಎತ್ತಬಾರದು, ಟರ್ಪೆಂಟೈನಿನ ಹತ್ತಿರ ಸುಳಿಯಬಾರದು, ಸಿಟ್ಟು ಮಾಡಿಕೊಳ್ಳಬಾರದು. ಕೊನೆಯ ಮಾತಿಗೆ ಪಕ್ಕದಲ್ಲಿ ಕೂತಿದ್ದ ನನ್ನ ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಕೈ ಸುಮ್ಮನಿರುವುದಿಲ್ಲ. ಬಳಿಯಬೇಡ ಎಂದರೆ ಬರೆಯಲಾದರೂ ಬೇಕು. ಅದಕ್ಕೇ ಇದು. ಯಾರೂ ಓದಬೇಕಾಗಿಲ್ಲ.

ಇನ್ನೊಂದು ಪೀಡೆ. ಮುಂದಿನ ತಿಂಗಳು ನನ್ನ ಇಡೀ ಜೀವಮಾನದ ಚಿತ್ರಗಳ ಪ್ರದರ್ಶನ. ಪ್ರದರ್ಶನದ ಮನೆಯ ಯಜಮಾನನಿಗೆ ನಾನು ಇಟ್ಟ ಹೆಸರು ಬೆಣ್ಣೆ. ಅವನ ಮಾತು ಕೇಳಿದರೆ ಕಿವಿಯೊಳಗೆ ಜಿಡ್ಡು ಕೂರುತ್ತದೆ. ಜೊತೆಗೆ ಒಂದು ಪುಸ್ತಕ ಬರುತ್ತದಂತೆ, ಅದಕ್ಕೆ ನನ್ನ ಕಲಾದರ್ಶನ ಎರಡು ಪುಟ ಬೇಕಂತೆ. ದರ್ಶನ ಮಾಡಿಸಲು ನಾನೇನು ದೇವರೇ?

ಮಾರ್ಚ್ 4, ಮಂಗಳವಾರ

ತಂಗಿ ತರಕಾರಿಗೆ ಹೋದ ಹೊತ್ತು ನೋಡಿ ಚಿತ್ರದ ಕೋಣೆಯ ಬಾಗಿಲು ತೆಗೆದೆ. ತೆಗೆಯಬಾರದಿತ್ತು.

ಯಾರೋ ರಾತ್ರಿ ನುಗ್ಗಿ ಎಲ್ಲ ಕ್ಯಾನ್ವಾಸುಗಳ ಮೇಲೆ ನೀಲಿ ಎರಚಿ ಹೋದ ಹಾಗಿದೆ. ಹಳೆಯವು ಸರಿಯಾಗಿವೆ. ಈಚಿನ ಹತ್ತು ವರ್ಷದವು, ಬೆಣ್ಣೆ ಮತ್ತು ಅವನ ಬಳಗ 'ಮುಪ್ಪಿನ ಮಾಗಿದ ವರ್ಣಗಳು' ಎಂದು ಬರೆದು ಬರೆದು ಹೊಗಳಿದವು, ಅವೇ ಹಾಳಾಗಿರುವುದು. ರೈಲು ನಿಲ್ದಾಣದ ಬೆಂಚು ನೀಲಿ. ಮೆಟ್ಟಿಲ ಮೇಲಿನ ಬೆಕ್ಕು ನೀಲಿ. ಹಾಲಿನ ಪಾತ್ರೆಯೊಳಗೆ ಶಾಯಿ. ಎಲ್ಲಕ್ಕಿಂತ ದೊಡ್ಡದು, ತಂಗಿ ಹಾಸಿಗೆಯ ಬಟ್ಟೆ ಮಡಚುತ್ತಿರುವ ಚಿತ್ರ. ಎರಡು ವರ್ಷ ತಿಂದ ಚಿತ್ರ ಅದು. ಪುಸ್ತಕದ ಹೊದಿಕೆಗೆ ಬೆಣ್ಣೆ ಆರಿಸಿದ್ದೂ ಅದನ್ನೇ. ಅದರಲ್ಲಿ ನನ್ನ ಸ್ವಂತ ತಂಗಿ ಕೆರೆಯಿಂದ ಎತ್ತಿದ ಹೆಣದ ಹಾಗಿದ್ದಾಳೆ. ಕೈಯಲ್ಲಿರುವ ಬಿಳಿ ಬಟ್ಟೆಯೂ ನೀಲಿ.

ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ. ಎಲ್ಲ ಸರಿ. ನಾನು ಬಳಿದದ್ದೇ ಅದು. ಬಟ್ಟೆ ಬೆಳ್ಳಗೆ, ಅವಳ ಕೆನ್ನೆ ಬೆಚ್ಚಗೆ, ಕಿಟಕಿಯ ಬೆಳಕು ನನಗೆ ಬೇಕಾದ ಕಡೆಯೇ ಬಿದ್ದಿದೆ. ಎಡ ಮುಚ್ಚಿ ಬಲ ತೆರೆದೆ. ಹೆಣ. ಎಡ, ಬಲ, ಎಡ, ಬಲ. ತಂಗಿ ಬಂದು ಕರೆಯುವವರೆಗೂ ಹುಚ್ಚನ ಹಾಗೆ ಅದನ್ನೇ ಮಾಡಿದೆ. ಸಂಜೆ ತಲೆ ಸಿಡಿಯಿತು. ಒಳಗೆ ಹೋಗಿದ್ದೆ ಎಂದು ಅವಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತಾಗಿದೆ.

ಮಾರ್ಚ್ 5

ಬರೆದರೆ ಬೈಗುಳವೇ ಬರುತ್ತದೆ. ಬೇಡ.

ಮಾರ್ಚ್ 8, ಶನಿವಾರ

ಬೆಣ್ಣೆ ಎರಡು ಸಲ ಫೋನ್ ಮಾಡಿದ. ದರ್ಶನ ಬೇಕಂತೆ, ಬೇಗ ಬೇಕಂತೆ. ಸರಿ, ತಗೋ.

ಏಳನೇ ವಯಸ್ಸಿನಲ್ಲಿ ಅಡುಗೆಮನೆಯ ಗೋಡೆಗೆ ಇದ್ದಿಲಿನಿಂದ ಹಸು ಬರೆದೆ. ಅಪ್ಪ ಗಡಿಯಾರ ರಿಪೇರಿಯವರು, ಸಣ್ಣ ತಪ್ಪು ಕಂಡರೂ ಸಹಿಸದವರು. ಕಪಾಳಕ್ಕೆ ಒಂದು ಕೊಟ್ಟರು. ಆಮೇಲೆ ಹಸುವಿಗೆ ಮೂರೇ ಕಾಲಿದೆ, ನಾಲ್ಕನೆಯದನ್ನು ಹಾಕಿ ಮುಗಿಸು ಎಂದರು. ನನ್ನ ಮೊದಲ ವಿಮರ್ಶಕರು ಅವರೇ. ಆಮೇಲೆ ಬಂದವರು ಯಾರೂ ಕಾಲು ಎಣಿಸಲಿಲ್ಲ.

ಚಿತ್ರಶಾಲೆಯಲ್ಲಿ ನನಗೆ ಸಿಕ್ಕಿದ ಜಾಗ ಕಂಬದ ಹಿಂದೆ. ಮುಂದಿನ ಸಾಲೆಲ್ಲ ಉಳ್ಳವರ ಮಕ್ಕಳದ್ದು. ಮಾದರಿಗೆ ಕೂತವರು ನನಗೆ ಕಾಣುತ್ತಲೇ ಇರಲಿಲ್ಲ. ಎದ್ದು ಮುಂದೆ ಹೋಗಿ ಕಣ್ಣು ತುಂಬ ನೋಡಿ, ವಾಪಸ್ಸು ಬಂದು ಕಂಬಕ್ಕೆ ಮುಖ ಮಾಡಿ ಬರೆಯುತ್ತಿದ್ದೆ. ವರ್ಷದ ಕೊನೆಗೆ ಗುರುಗಳು ನನ್ನದನ್ನು ಎತ್ತಿ ಹಿಡಿದು, ಇವನೊಬ್ಬ ನೋಡಿದ್ದಾನೆ, ನೀವೆಲ್ಲ ನಕಲು ಮಾಡಿದ್ದೀರಿ ಎಂದರು. ಅವತ್ತಿನಿಂದ ನನ್ನ ಪದ್ಧತಿ ಅದೇ. ನೋಡು, ಬೆನ್ನು ತಿರುಗಿಸು, ಬಳಿ. ವಸ್ತುವೂ ಚಿತ್ರವೂ ಒಂದೇ ನೋಟಕ್ಕೆ ಸಿಗಬಾರದು. ಮನಸ್ಸಿನಲ್ಲಿ ನಿಂತದ್ದಷ್ಟೇ ನಿಜ. ಸಾಬೂನಿನ ಪೆಟ್ಟಿಗೆಗಳ ಮೇಲೆ ನಗುವ ಮಗುವನ್ನು ಬರೆದು ಹೊಟ್ಟೆ ಹೊರೆದ ವರ್ಷಗಳಲ್ಲೂ ನಾನು ಆ ಮಗುವಿಗೆ ಬೆನ್ನು ಹಾಕಿಯೇ ಬರೆದೆ. ನಲವತ್ತು ದಾಟಿದ ಮೇಲೆ ಸ್ವಂತದ್ದನ್ನು ಬರೆಯಲು ಕೂತಾಗಲೂ ಅಷ್ಟೇ. ಶಿಷ್ಯರು ಅದನ್ನು ಮಂತ್ರದ ಹಾಗೆ ಹೇಳಿಕೊಂಡು ತಿರುಗಿದರು. ಕಂಡದ್ದನ್ನೇ ಬಳಿದೆ, ಕಂಡದ್ದಕ್ಕಿಂತ ಒಂದು ಎಳೆಯೂ ಹೆಚ್ಚು ಬಳಿಯಲಿಲ್ಲ. ಇದೇ ನನ್ನ ದರ್ಶನ.

ಇದನ್ನು ಬೇರೆ ಹಾಳೆಗೆ ಇಳಿಸಿ ಊಟದ ಹೊತ್ತಿನಲ್ಲಿ ತಂಗಿಗೆ ಓದಿ ಹೇಳಿದೆ. ಅವಳು ಶಾಲೆಯಲ್ಲಿ ಲೆಕ್ಕದ ಟೀಚರಾಗಿದ್ದವಳು, ಗಂಡ ಹೋದ ಮೇಲೆ ಕೆಲಸ ಬಿಟ್ಟು ಇಲ್ಲಿಗೆ ಬಂದು ನನ್ನನ್ನು ಸಾಕುತ್ತಿದ್ದಾಳೆ, ಅಥವಾ ನಾನು ಅವಳನ್ನು. ಅದು ಇನ್ನೂ ತೀರ್ಮಾನವಾಗಿಲ್ಲ. ತಟ್ಟೆಯಲ್ಲಿ ಅರ್ಧ ಹಾಗೇ ಬಿಟ್ಟು ಹೇಳಿದಳು:

"ಅಲ್ಲೇ ಎಡವಟ್ಟಾಗಿರೋದು ಅಣ್ಣ. ಎರಡನ್ನೂ ಒಟ್ಟಿಗೆ ನೋಡಿ ಬಳಿದಿದ್ರೆ ಎರಡೂ ಅದೇ ಪೊರೆಯಿಂದ ಕಾಣ್ತಿತ್ತು, ಎರಡು ಕಡೆ ಒಂದೇ ತಪ್ಪು, ಉತ್ತರ ಸರಿ ಬರ್ತಿತ್ತು. ನಿನ್ನ ಮನಸ್ಸಿನಲ್ಲಿರೋ ಬಿಳಿ ಮೂವತ್ತು ವರ್ಷದ ಹಿಂದಿನದು. ಕ್ಯಾನ್ವಾಸಿನ ಬಿಳಿ ಹಳದಿಯಾಗಿ ಕಂಡ್ರೆ ನೀನು ಏನು ಮಾಡ್ತೀಯ? ನೀಲಿ ಸುರೀತೀಯ."

ಮೈ ಉರಿದುಹೋಯಿತು. ಲೆಕ್ಕದ ಪುಸ್ತಕ ಹಿಡಿದು ಬಣ್ಣ ಅಳೆಯಲು ಬಂದಿದ್ದಾಳೆ. ಊಟದ ಮಧ್ಯೆ ಎದ್ದು ಬಂದೆ. ಆ ಹಾಳೆಯನ್ನು ಹರಿದೆ. ನಾಲ್ಕು ಚೂರು ಮಾಡಿದ ಮೇಲೂ ಅವಳ ಲೆಕ್ಕ ತಲೆಯಲ್ಲಿ ಸರಿಯಾಗಿಯೇ ಇತ್ತು, ಅದಕ್ಕೆ ಇನ್ನೂ ಸಿಟ್ಟು ಬಂತು.

ಮಾರ್ಚ್ 11, ಮಂಗಳವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಬೆರಳ ಗಂಟುಗಳು ಹಿಡಿದುಕೊಂಡ ಮೇಲೆ ಟ್ಯೂಬಿನ ಮುಚ್ಚಳ ತೆಗೆಯುವುದು, ಹಲಗೆಯ ಮೇಲೆ ಬಣ್ಣ ಇಡುವುದು ತಂಗಿಯ ಕೆಲಸ. ಬೆಳಗ್ಗೆ ಚಹಾ ಕೊಟ್ಟು, ಹಲಗೆ ತುಂಬಿಸಿಟ್ಟು ಹೋಗುತ್ತಾಳೆ. ಹೆಬ್ಬೆರಳ ಪಕ್ಕ ಬಿಳಿ, ಆಮೇಲೆ ಹಳದಿಗಳು, ಕೆಂಪು, ಕಾವಿ, ಕಂದು, ಕೊನೆಗೆ ನೀಲಿಗಳು. ಕಪ್ಪಿಗೆ ನನ್ನ ಕೋಣೆಯಲ್ಲಿ ಪ್ರವೇಶವಿಲ್ಲ. ಡಾಕ್ಟರಮ್ಮ ಬೇಡ ಎಂದಿದ್ದರೂ ಇವತ್ತು ಹಲಗೆ ಇಡು ಎಂದೆ. ಇಟ್ಟಳು. ಬಲಗಣ್ಣಿನಲ್ಲಿ ನೋಡುತ್ತೇನೆ, ನೀಲಿಯಲ್ಲಿ ಏನೋ ಕೆಸರು. ಅದೇ ಟ್ಯೂಬನ್ನು ಹಲ್ಲಿನಿಂದ ಕಚ್ಚಿ ತೆಗೆದು ಪಕ್ಕದಲ್ಲಿ ಹಿಂಡಿದೆ. ಅದು ಕಣ್ಣು ಕುಕ್ಕುವ ನೀಲಿ. ಇವಳು ಇಟ್ಟದ್ದು ಬೇರೆಯೇ.

ಕರೆದು ಕೇಳಿದೆ. ಮುಚ್ಚುಮರೆ ಮಾಡಲಿಲ್ಲ.

"ನೀನು ಕೇಳಿದ ನೀಲೀನ ಹಾಗೇ ಕೊಟ್ಟಿದ್ರೆ ಆ ಚಿತ್ರಗಳನ್ನ ಯಾರೂ ನೋಡೋಕಾಗ್ತಿರಲಿಲ್ಲ. ದಿನಾ ಒಂಚೂರು ಕಂದು ಬೆರೆಸಿ ಇಡ್ತಿದ್ದೆ. ನಿನಗೆ ಗೊತ್ತೇ ಆಗ್ತಿರಲಿಲ್ಲ. ಅದನ್ನ ನೋಡಿಯೇ ನನಗೆ ಭಯ ಆಗಿದ್ದು."

ಎಷ್ಟು ವರ್ಷದಿಂದ ಎಂದೆ. ನೆನಪಿಲ್ಲ, ಮೊದಮೊದಲು ಸಾಸಿವೆಯಷ್ಟು, ಆಮೇಲೆ ಜಾಸ್ತಿ ಎಂದಳು. ಬಾಯಿಬಿಟ್ಟು ಹೇಳಲು ಏನಾಗಿತ್ತು ಎಂದು ಕೂಗಿದೆ.

"ಹೇಳಿದ್ದೆ. ಒಂದೇ ಒಂದು ಸಲ. ನೀನು ಬ್ರಷ್ ತೊಳೆಯೋ ಡಬ್ಬಿ ಎತ್ತಿ ಗೋಡೆಗೆ ಎಸೆದೆ."

ಸುಳ್ಳು. ಎಸೆದದ್ದು ನನಗೆ ನೆನಪಿಲ್ಲ. ಗೋಡೆಯ ಮೇಲೆ ಕಲೆ ಇರುವುದು ನಿಜ, ಅದು ತೇವದ್ದು ಎಂದುಕೊಂಡಿದ್ದೆ.

ಹೊರಗೆ ಹೋಗು ಎಂದೆ. ಹೋದಳು. ಹಾಗಾದರೆ ಆ ಹತ್ತು ವರ್ಷ ಬಳಿದವರು ಯಾರು? ಅರ್ಧ ನನ್ನ ಪೊರೆ, ಅರ್ಧ ಲೆಕ್ಕದ ಟೀಚರಮ್ಮ. ಹೊಗಳಿಸಿಕೊಂಡವನು ಮಾತ್ರ ನಾನು. ಬೆನ್ನು ತಿರುಗಿಸಿ ಬಳಿಯುತ್ತೇನೆ ಎಂದು ಊರೆಲ್ಲ ಸಾರಿದವನ ಬೆನ್ನ ಹಿಂದೆಯೇ ಇಷ್ಟು ನಡೆದಿದೆ.

ಮಾರ್ಚ್ 12

ಮಾತಿಲ್ಲ. ಹಲಗೆ ನಾನೇ ತುಂಬಿಸಿದೆ. ಮುಚ್ಚಳ ಕಚ್ಚಿ ಹಲ್ಲಿನ ಚೂರೊಂದು ಮುರಿಯಿತು. ಅವಳು ಬಿಸಿನೀರು, ಉಪ್ಪು ತಂದು ಮೇಜಿನ ಮೇಲಿಟ್ಟು ಹೋದಳು. ಮುಕ್ಕಳಿಸಲಿಲ್ಲ. ಅವಳು ಮಲಗಿದ ಮೇಲೆ ಮುಕ್ಕಳಿಸಿದೆ.

ಮಾರ್ಚ್ 15, ಶನಿವಾರ

ಕಣ್ಣಿನ ಆಸ್ಪತ್ರೆಗೆ ಹೋದೆ. ಎಡಗಣ್ಣಿಗೆ ದಿನ ಗೊತ್ತುಮಾಡೋಣ ಎಂದರು. ಮಾಡಿಸುವುದಿಲ್ಲ ಎಂದೆ. ಡಾಕ್ಟರಮ್ಮನಿಗೆ ಆಶ್ಚರ್ಯ. ಒಂದು ಕಣ್ಣು ಹೀಗೆ, ಒಂದು ಹಾಗೆ, ಇದರಲ್ಲಿ ಬಾಳುವುದು ಕಷ್ಟ, ಮೆಟ್ಟಿಲಲ್ಲಿ ಎಡವುತ್ತೀರಿ ಎಂದರು. ಎಡವಿದರೆ ಕಾಲು ನನ್ನದು ಎಂದೆ.

ಅವರಿಗೆ ಹೇಗೆ ಹೇಳುವುದು? ನಾನು ಬಳಿದ ಹಾಗೆ ಆ ಚಿತ್ರಗಳನ್ನು ನೋಡಬಲ್ಲ ಕಣ್ಣು ಈ ಲೋಕದಲ್ಲಿ ಒಂದೇ ಉಳಿದಿದೆ. ಅದು ನನ್ನ ಎಡಗಣ್ಣು. ಅದನ್ನೂ ತೊಳೆದುಬಿಟ್ಟರೆ ನನ್ನ ಹತ್ತು ವರ್ಷಕ್ಕೆ ಸಾಕ್ಷಿ ಹೇಳುವವರು ಯಾರು? ಹೆಣಗಳನ್ನು ಬರೆದ ಮುದುಕ ಎಂದೇ ಉಳಿಯುತ್ತೇನೆ.

ಮಧ್ಯಾಹ್ನ ಬೆಣ್ಣೆ ಬಂದ. ದೊಡ್ಡ ಚಿತ್ರದ ಮುಂದೆ ತಲೆ ವಾಲಿಸಿಕೊಂಡು ನಿಂತು, ಸರ್, ಈ ನೀಲಿಯಲ್ಲಿ ಒಂದು ವಿರಕ್ತಿ ಇದೆ, ದೇಹ ಕರಗಿಹೋಗುವ ಸ್ಥಿತಿ ಇದೆ ಎಂದ. ಅಲ್ಲಿರುವುದು ಕಣ್ಣಿನ ಪೊರೆ ಎಂದೆ. ಅವನು ಅದನ್ನೂ ಬರೆದುಕೊಂಡ, ಎಷ್ಟು ಚೆನ್ನಾದ ರೂಪಕ ಸರ್ ಎಂದ. ಇಂಥವರ ಮೂಗಿಗೆ ತುಪ್ಪ ಸವರಬೇಕಾಗಿಲ್ಲ, ಅವರೇ ಡಬ್ಬಿಯೊಳಗೆ ಮೂಗು ಅದ್ದಿಕೊಂಡಿರುತ್ತಾರೆ. ಆ ಚಿತ್ರ ಕೊಡುವುದಿಲ್ಲ, ಮುಖ ಮತ್ತೆ ಬಳಿಯುತ್ತೇನೆ ಎಂದೆ. ಬೆಣ್ಣೆ ಮೊದಲ ಬಾರಿ ಬೆವರಿದ್ದು ನೋಡಿದೆ. ಅಷ್ಟು ಹೊತ್ತು ಸುಖವಾಗಿತ್ತು.

ಅವನು ಹೋದ ಮೇಲೆ ಚೂರಿ ತೆಗೆದುಕೊಂಡು ಕ್ಯಾನ್ವಾಸಿನ ಮೇಲಿನ ಅವಳ ಮುಖವನ್ನು ಕೆರೆದು ಹಾಕಿದೆ. ಮೂಗು ಮೊದಲು ಹೋಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎನ್ನುತ್ತಾರೆ. ನನ್ನ ಮನೆಯಲ್ಲಿ ಶಾಂತಿ ಯಾವಾಗ ಬಂದಿತ್ತು, ಮೂಗು ಬರಲು.

ಮಾರ್ಚ್ 18, ಮಂಗಳವಾರ

ಕೆರೆದ ಮುಖ ಮತ್ತೆ ಬಳಿಯಲು ತಂಗಿಯನ್ನು ಎದುರಿಗೆ ಕರೆದೆ. ಈ ಸಲ ಬೆನ್ನು ತಿರುಗಿಸುವುದಿಲ್ಲ, ನಿನ್ನ ಲೆಕ್ಕದ ಪ್ರಕಾರವೇ ಆಗಲಿ, ಬಲಗಣ್ಣೊಂದರಿಂದಲೇ ಎರಡನ್ನೂ ಒಂದೇ ನೋಟದಲ್ಲಿ ಇಟ್ಟುಕೊಂಡು ಬಳಿಯುತ್ತೇನೆ, ಅದೇನು ಸರಿ ಬರುತ್ತದೋ ನೋಡೋಣ ಎಂದೆ. ಸೋಲಿಸಬೇಕೆಂದೇ ಹೇಳಿದ್ದು. ಆಗಲಿ ಅಣ್ಣ ಎಂದಳು. ಆರೇಳು ದಿನದ ಮೌನ ಹಾಗೆ ಮುರಿಯಿತು. ರಾಜಿ ಎಂದು ಇಬ್ಬರೂ ಅನ್ನಲಿಲ್ಲ. ಹಲಗೆ ಅವಳೇ ತುಂಬಿಸಿದಳು. ಏನೂ ಬೆರೆಸಿಲ್ಲ ತಾನೇ ಎಂದು ಕೇಳಿದೆ. ಇಲ್ಲ ಎಂದಳು.

ಚಿತ್ರದಲ್ಲಿ ಅವಳು ನಿಂತಿದ್ದಾಳೆ. ನಿಲ್ಲಲು ಆಗುವುದಿಲ್ಲ, ಕುರ್ಚಿ ಬೇಕು ಎಂದಳು. ಕೂತರೆ ಕುತ್ತಿಗೆಯ ಗೆರೆ ಬದಲಾಗುತ್ತದೆ ಎಂದು ರೇಗಿದೆ. ಆದರೂ ಕೊಟ್ಟೆ. ಕೂತಲ್ಲಿಯೂ ಸುಮ್ಮನಿಲ್ಲ. ತೋಳು ಕೆರೆಯುವುದು, ಕತ್ತು ಕೆರೆಯುವುದು. ಆ ಪರಪರ ಸದ್ದಿಗೆ ಕುಂಚ ನಡುಗುತ್ತದೆ. ಸಾಬೂನು ಬದಲಾಯಿಸು ಎಂದೆ. ಮುಖ ಇಳಿದಿದೆ, ಗಲ್ಲದ ಮೂಳೆ ಎದ್ದು ಕಾಣುತ್ತದೆ. ಎಷ್ಟು ಮುದುಕಿಯಾಗಿದ್ದಾಳೆ. ನನಗಿಂತ ಆರು ವರ್ಷ ಚಿಕ್ಕವಳು, ನಾನು ಎಷ್ಟಾಗಿರಬೇಡ.

ಅವಳನ್ನು ನೇರವಾಗಿ ನೋಡಿಕೊಂಡು ಬಳಿದದ್ದು ಇದೇ ಮೊದಲು. ಕಷ್ಟ. ಕುಂಚ ಎತ್ತಿದಾಗಲೆಲ್ಲ ಅವಳೂ ನನ್ನನ್ನು ನೋಡುತ್ತಿರುತ್ತಾಳೆ.

ಮಾರ್ಚ್ 19, ಬುಧವಾರ

ಕೋಪ ಇನ್ನೂ ಇಳಿದಿಲ್ಲ, ಅಕ್ಷರ ಹೇಗೆ ಬರುತ್ತದೋ ಬರಲಿ.

ಇವತ್ತು ಚರ್ಮದ ಬಣ್ಣ ಕೂರಲೇ ಇಲ್ಲ. ಎಷ್ಟು ಕಲಸಿದರೂ ಅವಳ ಮುಖಕ್ಕೆ ಹಳದಿ ಸಾಲದು. ಮತ್ತೆ ಹಳದಿ, ಮತ್ತೆ ಹಳದಿ. ಹೊಸ ಟ್ಯೂಬಿನವರು ಸುಣ್ಣ ತುಂಬಿ ಮಾರುತ್ತಾರೆ ಎಂದು ಬೈದುಕೊಂಡೆ. ಆಮೇಲೆ ಕಣ್ಣಿಗೆ ಬಂದೆ. ಕಣ್ಣಿನ ಬಿಳಿಗೆ ಸ್ವಲ್ಪ ಬೂದಿ, ಸ್ವಲ್ಪ ನೀಲಿ, ಅಷ್ಟೇ, ಮಕ್ಕಳಿಗೂ ಗೊತ್ತು. ಬಳಿದು ನೋಡಿದರೆ ಅವಳದ್ದಲ್ಲ. ಅವಳ ಕಣ್ಣಿನ ಬಿಳಿಗೆ ನಿಂಬೆಹಳದಿ ಬೇಕು. ಅವಳು ಕೈಯಲ್ಲಿ ಹಿಡಿದು ಕೂತ ಬಟ್ಟೆ ಬೆಳ್ಳಗಿದೆ, ಗೋಡೆ ಬೆಳ್ಳಗಿದೆ, ಈ ಕಣ್ಣಿನ ಬಿಳಿ ಒಂದಕ್ಕೆ ಏನು ಬಂತು?

ಮತ್ತೆ ಶುರುಮಾಡಿದೆಯಾ, ಬಿಳಿಗೆ ಏನು ಬೆರೆಸಿದ್ದೀಯ ಎಂದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ತಲೆ ತಗ್ಗಿಸಿ ಹೇಳಿದಳು:

"ಹೌದು ಅಣ್ಣ. ಸ್ವಲ್ಪ ಬೆರೆಸಿದೆ. ಇನ್ನು ಬೆರೆಸಲ್ಲ."

ಹಲಗೆ ಎತ್ತಿ ಎಸೆದೆ. ಯಾರ ಮೇಲೂ ಎಸೆಯಲಿಲ್ಲ, ನೆಲಕ್ಕೆ ಎಸೆದೆ. ಬಿಳಿ ಅವಳ ಪಾದಕ್ಕೆ ಸಿಡಿಯಿತು. ಕಣ್ಣು ಬಂದ ಮೇಲೂ ನನಗೆ ಮೋಸ ಮಾಡುತ್ತಾಳೆಂದರೆ ಇವಳಿಗೆ ಏನನ್ನಬೇಕು. ಒರೆಸಲು ಬಟ್ಟೆ ತಂದಳು, ಬಗ್ಗಿದವಳು ಗೋಡೆ ಹಿಡಿದುಕೊಂಡು ಎದ್ದಳು. ನಾನು ಸಹಾಯಕ್ಕೆ ಹೋಗಲಿಲ್ಲ.

ಮಾರ್ಚ್ 20, ಗುರುವಾರ

ಬೆಳಗ್ಗೆ ಅಂಗಡಿಗೆ ನಾನೇ ಹೋಗಿ ಬಿಳಿಯ ಹೊಸ ಟ್ಯೂಬ್ ತಂದೆ. ಅಂಗಡಿಯವನ ಕೈಯಲ್ಲೇ ಮುಚ್ಚಳ ತೆಗೆಸಿದೆ. ಮನೆಗೆ ಬಂದು ತೊಳೆದ ಹಲಗೆಯ ಮೇಲೆ ಹಿಂಡಿದೆ. ಅಪ್ಪಟ ಬಿಳಿ. ಯಾರ ಕೈಯೂ ಬಿದ್ದಿಲ್ಲ. ಅವಳನ್ನು ಕಿಟಕಿಯ ಹತ್ತಿರ ಕೂರಿಸಿದೆ. ಕುಂಚದ ತುದಿಯಲ್ಲಿ ಬಿಳಿ ತೆಗೆದುಕೊಂಡು ಅವಳ ಕಣ್ಣಿನ ಪಕ್ಕಕ್ಕೆ ಹಿಡಿದೆ.

ಬಣ್ಣದಲ್ಲಿ ಏನೂ ಬೆರೆತಿಲ್ಲ. ಹಳದಿ ಇರುವುದು ಅವಳಲ್ಲಿ.

ಕಣ್ಣಲ್ಲಿ, ಕೆನ್ನೆಯಲ್ಲಿ, ಅಂಗೈಯಲ್ಲಿ, ಉಗುರಿನ ಬುಡದಲ್ಲಿ. ಎಲ್ಲ ಕಡೆ.

ಮಾರ್ಚ್ 22, ಶನಿವಾರ

ಆಸ್ಪತ್ರೆ. ಇದು ಬೇರೆ ಆಸ್ಪತ್ರೆ, ಕಣ್ಣಿನದ್ದಲ್ಲ. ಕುರ್ಚಿಯಲ್ಲಿ ಕೂತು ಮೊಣಕಾಲ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಕಾಮಾಲೆ. ಪಿತ್ತ ಹರಿಯುವ ನಾಳ ಎಲ್ಲೋ ಕಟ್ಟಿಕೊಂಡಿದೆ. ತಿಂಗಳಿಗೂ ಮೇಲಾಗಿದೆ ಎಂದರು. ಮೈ ತುರಿಕೆಯೂ ಅದರಿಂದಲೇ, ಊಟ ಸೇರದೆ ಇರುವುದೂ ಅದರಿಂದಲೇ. ಇಷ್ಟು ಹಳದಿಯಾಗುವವರೆಗೆ ಮನೆಯಲ್ಲಿ ಯಾರೂ ನೋಡಲಿಲ್ಲವೇ ಎಂದು ಇಲ್ಲಿಯ ಡಾಕ್ಟರ್ ಕೇಳಿದ. ಅವನ ಕೊರಳಪಟ್ಟಿ ಹಿಡಿಯಬೇಕು ಎನ್ನಿಸಿತು. ನಾನೊಬ್ಬ ಚಿತ್ರಗಾರ ಎಂದು ಹೇಳಲು ನಾಲಿಗೆ ಏಳಲಿಲ್ಲ. ಹಣ್ಣಿನ ಅಂಗಡಿಯ ಲೆಕ್ಕ ಬರೆಯುವವನು ಎಂದು ಹೇಳಿದ್ದರೂ ಮಾನ ಉಳಿಯುತ್ತಿತ್ತು.

ಆಮೇಲೆ ಒಂದೊಂದೇ ಹೊರಗೆ ಬಂತು. ಕಣ್ಣಿನ ಡಾಕ್ಟರಮ್ಮ ನನ್ನ ಪಟ್ಟಿ ಬಿಚ್ಚಿದ ದಿನವೇ ಅವಳನ್ನು ಪಕ್ಕಕ್ಕೆ ಕರೆದು, ತಡಮಾಡದೆ ತೋರಿಸಿಕೊಳ್ಳಿ ಎಂದಿದ್ದರಂತೆ. ಬೆಣ್ಣೆಗೂ ಕಂಡಿತ್ತಂತೆ, ಮನೆಯ ವಿಷಯ ಎಂದು ಸುಮ್ಮನಿದ್ದನಂತೆ. ತರಕಾರಿಯವಳೂ ಕೇಳಿದ್ದಳಂತೆ. ಕಣ್ಣಿರುವವರೆಲ್ಲ ಕಂಡಿದ್ದಾರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಗಾದೆ ಕಟ್ಟಿದವನನ್ನು ಹಿಡಿದು ತಂದು ಇಲ್ಲಿ ನಿಲ್ಲಿಸಬೇಕು. ಕಾಮಾಲೆ ಅವಳಿಗೆ, ಹಳದಿ ಕಾಣುತ್ತಿದ್ದದ್ದು ನನಗೆ. ಲೋಕವೆಲ್ಲ ಹಳದಿಯಾಗಿದ್ದವನಿಗೆ ತಂಗಿಯೊಬ್ಬಳು ಹಳದಿಯಾದದ್ದು ಕಾಣಲಿಲ್ಲ. ಸರಿ, ಆಗ ಪೊರೆ ಇತ್ತು. ಕಣ್ಣು ಬಂದ ಮೇಲೆ? ಎರಡು ವಾರ ನಾನು ಏನನ್ನು ನೋಡುತ್ತಿದ್ದೆ? ನನ್ನ ಚಿತ್ರಗಳನ್ನು.

ಯಾಕೆ ಮುಚ್ಚಿಟ್ಟೆ ಎಂದು ಕೇಳಿದೆ. ಮೆಲ್ಲಗೆ ಕೇಳಬೇಕೆಂದಿದ್ದೆ, ಜೋರಾಗಿಯೇ ಬಂತು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು.

"ನಿನ್ನ ಕಣ್ಣು ಆಗಲಿ, ಪ್ರದರ್ಶನ ಮುಗೀಲಿ ಅಂತಿದ್ದೆ. ನಿನಗೆ ಹೇಳಿದ್ರೆ ನೀನು ಕೂಗಾಡ್ತೀಯ. ಕೂಗೋದನ್ನ ಕೇಳೋ ಶಕ್ತಿ ಇರಲಿಲ್ಲ ಅಣ್ಣ, ಅಷ್ಟೇ."

ಕಣ್ಣು ಬಂದರೆ ನನಗೆ ಕಂಡುಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಕಣ್ಣಿನ ಆಸ್ಪತ್ರೆಗೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದವಳು ಅವಳೇ. ಇದಕ್ಕೆ ನಾನು ಯಾರ ಮೇಲೆ ಸಿಟ್ಟಾಗಲಿ?

ಮಾರ್ಚ್ 26, ಬುಧವಾರ

ನಾಳದೊಳಗೆ ಸಣ್ಣ ಕೊಳವೆ ಇಟ್ಟು ದಾರಿ ಬಿಡಿಸಿದ್ದಾರೆ. ಕಟ್ಟಿಕೊಂಡದ್ದು ಯಾತರಿಂದ ಎಂದು ತಿಳಿಯಲು ಒಂದು ಚೂರನ್ನು ಪರೀಕ್ಷೆಗೆ ಕಳಿಸಿದ್ದಾರೆ. ವಾರಗಳು ಬೇಕಂತೆ. ಆ ಪದದ ಸುತ್ತಲೇ ಸುತ್ತಿದರು, ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನನಗೂ ಹೇಳಿಸಿಕೊಳ್ಳುವ ಆತುರವಿಲ್ಲ.

ಅವಳು ನಿದ್ದೆಯಲ್ಲಿದ್ದಳು. ಹಾಸಿಗೆ ಬಿಳಿ, ದಿಂಬು ಬಿಳಿ, ನಡುವೆ ಅವಳ ಮುಖ. ನೋಡಲಾಗಲಿಲ್ಲ. ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡೆ. ಎಡಗಣ್ಣಿನಲ್ಲಿ ಅವಳು ಎಂದಿನ ಹಾಗೇ ಇದ್ದಳು. ದಿಂಬಿನ ಬಣ್ಣವೂ ಅವಳ ಬಣ್ಣವೂ ಒಂದಕ್ಕೊಂದು ಹೊಂದಿಕೊಂಡು, ಎಲ್ಲ ಬೆಚ್ಚಗೆ, ಯಾವ ರೋಗವೂ ಇಲ್ಲ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ನರ್ಸಮ್ಮ ಬಂದು ಕಣ್ಣು ನೋಯುತ್ತಿದೆಯಾ ಎಂದು ಕೇಳಿದರು. ಇಲ್ಲ, ನೋಯುತ್ತಿಲ್ಲ, ಅದಕ್ಕೇ ಮುಚ್ಚಿದ್ದು ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಸಂಜೆ ಡಾಕ್ಟರ್ ಹೇಳಿದ ಮಾತು ಇದು: "ಕೊಳವೆ ಮತ್ತೆ ಕಟ್ಟಿಕೊಳ್ಳಬಹುದು. ಕಣ್ಣು ಸ್ವಲ್ಪ ಹಳದಿ ಅನ್ನಿಸಿದ್ರೂ ಆವತ್ತೇ ಕರ್ಕೊಂಡು ಬನ್ನಿ, ಒಂದು ದಿನವೂ ಬಿಡಬೇಡಿ. ಮನೆಯಲ್ಲಿ ಸರಿಯಾಗಿ ನೋಡೋರು ಯಾರಿದ್ದಾರೆ?"

ನಾನಿದ್ದೇನೆ ಎಂದೆ. ತಂಗಿ ಮಲಗಿದಲ್ಲಿಂದಲೇ ನಕ್ಕಳು.

ಏಪ್ರಿಲ್ 1, ಮಂಗಳವಾರ

ಮನೆಗೆ ಬಂದೆವು. ಅಡುಗೆ ನಾನು ಮಾಡಿದೆ. ಅವಳು ಒಂದು ತುತ್ತು ಬಾಯಿಗಿಟ್ಟು, ಆಸ್ಪತ್ರೆಯಲ್ಲಿ ಚೆನ್ನಾಗಿತ್ತು ಎಂದಳು.

ಬೆಣ್ಣೆ ಬಂದ, ಚಿತ್ರಗಳನ್ನು ಸಾಗಿಸಲು ವ್ಯಾನು ತಂದಿದ್ದ. ದೊಡ್ಡ ಚಿತ್ರದ ಮುಂದೆ ನಿಂತ. ಕೆರೆದು ಗಾಯವಾದ ಮುಖ, ಅದರೊಳಗೆ ಅರ್ಧ ಬಳಿದ ಒಂದು ಹಳದಿ ಕಣ್ಣು, ಸುತ್ತ ನೀಲಿ. ಸರ್, ಇದು ನಿಮ್ಮ ಬದುಕಿನ ಶಿಖರ ಎಂದ. ಶಿಖರದಿಂದ ನೂಕಿಬಿಡುತ್ತೇನೆ ಎಂದೆ. ಆ ಕಣ್ಣು ಕಲೆಯಲ್ಲ, ಅವಳಿಗೆ ಕಾಯಿಲೆ, ಅದು ಈ ಮನೆಯಿಂದ ಹೊರಗೆ ಹೋಗುವುದಿಲ್ಲ. ಉಳಿದವನ್ನು ತಗೊಂಡು ಹೋಗು, ನೀಲಿ ಇದ್ದ ಹಾಗೇ ಇರಲಿ, ನಾನು ಮುಟ್ಟುವುದಿಲ್ಲ ಎಂದೆ.

ದರ್ಶನ ಕೇಳಿದ. ಒಂದೇ ಸಾಲು ಬರೆದು ಕೊಟ್ಟೆ. ಈ ಹತ್ತು ವರ್ಷದ ಚಿತ್ರಗಳ ಬಣ್ಣದಲ್ಲಿ ಒಂದು ಪಾಲು ನನ್ನ ತಂಗಿಯದು, ನನಗೆ ತಿಳಿಯದಂತೆ ಬೆರೆಸಿದ್ದು. ಬೆಣ್ಣೆಯ ಮುಖ ಕರಗಿತು. ಜನ ತಪ್ಪು ತಿಳಿಯುತ್ತಾರೆ, ಕೊಳ್ಳುವವರು ಹಿಂಜರಿಯುತ್ತಾರೆ ಎಂದ. ಅಚ್ಚು ಹಾಕು, ಇಲ್ಲವಾದರೆ ವ್ಯಾನು ಖಾಲಿ ಹೋಗುತ್ತದೆ ಎಂದೆ. ಒಳಗಿನ ಕೋಣೆಯಿಂದ ತಂಗಿ ಕೂಗಿ ಹೇಳಿದಳು:

"ಆ ನೀಲಿಗೆ ನನ್ನ ಹೆಸರು ಹಾಕಬೇಡ ಅಣ್ಣ. ನನ್ನ ವಿದ್ಯಾರ್ಥಿಗಳು ಇನ್ನೂ ಈ ಊರಲ್ಲಿದ್ದಾರೆ."

ಬಾಯಿ ಮುಚ್ಚಿಕೊಂಡು ಮಲಗು ಎಂದು ಗದರಿದೆ. ಸಾಲು ಹಾಗೇ ಹೋಯಿತು.

ಏಪ್ರಿಲ್ 3, ಗುರುವಾರ

ಬೆಳಗ್ಗೆ ಎದ್ದ ತಕ್ಷಣ ಅವಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ರೆಪ್ಪೆ ಕೆಳಗೆ ಎಳೆದು ನೋಡುವುದು ಈಗ ನನ್ನ ಕೆಲಸ. ನಿನ್ನೆ ಇದ್ದದ್ದಕ್ಕಿಂತ ಕಡಿಮೆಯೇ, ಹೆಚ್ಚೇ? ಪಕ್ಕಕ್ಕೆ ಹಿಡಿಯಲು ಒಂದು ಬಿಳಿ ಕಾಗದದ ಚೂರು ಇಟ್ಟುಕೊಂಡಿದ್ದೇನೆ. ಎರಡನ್ನೂ ಒಂದೇ ನೋಟದಲ್ಲಿ ನೋಡಬೇಕು. ನಾನೇನು ಚಿತ್ರವಾ, ಸಾಕು ಬಿಡು ಎನ್ನುತ್ತಾಳೆ. ಅಲ್ಲಾಡಬೇಡ ಎಂದು ಬೈಯುತ್ತೇನೆ.

ಇವತ್ತು ತೀರ್ಮಾನವಾಗಲಿಲ್ಲ. ಬಲಗಣ್ಣು ಒಂದು ಹೇಳುತ್ತದೆ, ಎಡಗಣ್ಣು ಇನ್ನೊಂದು ಹೇಳುತ್ತದೆ. ಎರಡೂ ತೆರೆದರೆ ಮಸುಕು. ಒಂದು ಕ್ಷಣ ನಿನ್ನೆಗಿಂತ ಹಳದಿ ಹೆಚ್ಚಿದೆ ಎನ್ನಿಸಿತು. ಮರುಕ್ಷಣ ಇಲ್ಲ, ಚೆನ್ನಾಗಿಯೇ ಇದ್ದಾಳೆ ಎನ್ನಿಸಿತು. ನೋಡುತ್ತೇನೆ, ನನ್ನ ಕೈ ಬಲಗಣ್ಣನ್ನು ಮುಚ್ಚಿತ್ತು. ಮುಚ್ಚು ಎಂದು ನಾನು ಅದಕ್ಕೆ ಹೇಳಿರಲಿಲ್ಲ.

ಆಟೋ ಕರೆಸಿ ಆಸ್ಪತ್ರೆಗೆ ಓಡಿದೆವು. ಹೆಚ್ಚಾಗಿಲ್ಲ, ಇಳಿಯುತ್ತಿದೆ ಎಂದರು. ಬರುವಾಗ ದಾರಿಯುದ್ದಕ್ಕೂ ತಂಗಿ ತಮಾಷೆ ಮಾಡಿದಳು. ನನಗೆ ನಗು ಬರಲಿಲ್ಲ. ಇವತ್ತು ಏನೂ ಆಗಿರಲಿಲ್ಲ. ಆಗಿದ್ದ ದಿನವೂ ಈ ಕೈ ಹೀಗೆಯೇ ಮಾಡುತ್ತದೆ. ನನ್ನ ಬುದ್ಧಿ ನನಗೆ ಗೊತ್ತು.

ಮಧ್ಯಾಹ್ನ ಚಿತ್ರದ ಕೋಣೆಗೆ ಹೋದೆ. ಗೋಡೆಗಳು ಬರಿದು. ಉಳಿದದ್ದು ಅವಳ ಚಿತ್ರ ಒಂದೇ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ಆ ಬಟ್ಟೆಯನ್ನು ನೋಡಿದೆ. ಅದರ ಮಡಿಕೆ, ಅದರ ಬಿಳಿ, ಮಡಿಕೆಯ ಒಳಗೆ ಬಿದ್ದ ನೆರಳು. ಎಷ್ಟು ಚೆನ್ನಾಗಿ ಬಳಿದಿದ್ದೆ. ಇಷ್ಟು ಒಳ್ಳೆಯ ಬಿಳಿ ನನ್ನ ಜೀವಮಾನದಲ್ಲಿ ಇನ್ನೊಂದು ಬಂದಿಲ್ಲ. ಅದನ್ನು ಕಂಡವನು ನಾನೊಬ್ಬನೇ, ಇನ್ನು ಮುಂದೆ ನಾನೂ ಕಾಣುವುದಿಲ್ಲ. ಅಳು ಬಂತು, ಅತ್ತೆ. ಆಮೇಲೆ ಬಾಗಿಲು ಎಳೆದುಕೊಂಡು ಬಂದೆ.

ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿ, ಎಡಗಣ್ಣಿಗೆ ದಿನ ಬೇಕು ಎಂದೆ. ಮುಂದಿನ ಬುಧವಾರ ಬನ್ನಿ ಎಂದರು. ಬುಧವಾರದವರೆಗೆ ಅವಳನ್ನು ನೋಡುವವರು ಯಾರು, ನಾಳೆ ಬೆಳಗ್ಗೆ ಯಾಕಾಗುವುದಿಲ್ಲ ಎಂದು ಕೂಗಾಡಿದೆ.